ಅಟ್ಟದ ಕೋಣೆಗೆ ಬಿಸಿನೀರು

ನನ್ನ ಕೋಣೆ ಮನೆಯ ತುತ್ತತುದಿಯಲ್ಲಿತ್ತು, ಹೆಂಚಿನ ಮಾಡಿನ ಕೆಳಗೆ. ಅದು ಯಾವಾಗಲೂ ತಣ್ಣಗಿರುತ್ತಿತ್ತು. ಇವೆರಡರಲ್ಲಿ ಮೊದಲನೆಯದನ್ನು ಯಾರು ಬೇಕಾದರೂ ಜರ್ಮನಿಯ ಸಿಂಡೆಲ್‌ಫಿಂಗೆನ್‌ಗೆ ಹೋಗಿ, ಮರದ ಮೆಟ್ಟಿಲು ಹತ್ತಿ ನೋಡಿಕೊಳ್ಳಬಹುದು. ಎರಡನೆಯದಕ್ಕೆ ಸಾಕ್ಷಿ ನಾನೊಬ್ಬನೇ. ಸಾಕ್ಷಿಗಳನ್ನು ಸುಮ್ಮನೆ ನಂಬಬೇಡಿ, ಅವರು ಎಲ್ಲಿ ನಿಂತಿದ್ದರು ಎಂದು ಮೊದಲು ಕೇಳಿ ಎಂದು ಹ್ಯಾನೋವರ್‌ನಲ್ಲಿ ಇತಿಹಾಸದ ವಿದ್ಯಾರ್ಥಿಗಳಿಗೆ ಕಲಿಸಿಕೊಂಡು ಬಂದವನು ನಾನು. ಆದರೂ ನನ್ನೊಳಗಿನ ಈ ಸಾಕ್ಷಿಯನ್ನು ಮಾತ್ರ ಒಂದು ಪ್ರಶ್ನೆಯನ್ನೂ ಕೇಳದೆ ಇಟ್ಟುಕೊಂಡಿದ್ದೆ. ಅವನು ಹೇಳುತ್ತಿದ್ದುದು ಇಷ್ಟೇ: ದೀಪಾವಳಿಗೆ ಮುಂಚಿನ ಒಂದು ಸಂಜೆ ಊಟದ ಮೇಜಿನ ಹತ್ತಿರ ಜಗಳವಾಯಿತು, ಅಪ್ಪ ನೆಲಮಾಳಿಗೆಗೆ ಇಳಿದುಹೋದರು, ನನ್ನ ಕೋಣೆಯನ್ನು ಬೆಚ್ಚಗಿಡುವ ಬಿಸಿನೀರಿನ ಪೈಪಿನ ಕವಾಟವನ್ನು ತಿರುಗಿಸಿ ಮುಚ್ಚಿದರು, ನಾನು ಮೆಟ್ಟಿಲ ಮೇಲೆ ನಿಂತು ನೋಡಿದೆ. ಆ ಕೈ, ಆ ಹಿತ್ತಾಳೆಯ ಚಕ್ರ, ಬಲ್ಬಿನ ಹಳದಿ ಬೆಳಕು ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿದೆ. ಈ ಕತೆಯನ್ನು ಗೆಳೆಯರಿಗೆ ಹೇಳಿದ್ದೇನೆ, ಜೊತೆಗೆ ಬಾಳಿದ ಹೆಂಗಸರಿಗೆ ಹೇಳಿದ್ದೇನೆ. ಊರಿಂದೂರಿಗೆ ಬಾಡಿಗೆ ಮನೆ ಬದಲಿಸುತ್ತ, ಯಾವ ಮನೆಯ ಕಿಟಕಿಗೂ ಸರಿಯಾಗಿ ಪರದೆ ಹಾಕದೆ ಬದುಕಿದ್ದಕ್ಕೆ ಇದೇ ಕಾರಣವೆಂದು ನಂಬಿದ್ದೇನೆ. ತಂದೆ ಮನೆಯ ಬಿಸುಪಿನಿಂದ ಹೊರಗಿಟ್ಟ ಹುಡುಗ ಇನ್ನು ಹೇಗೆ ಬೆಳೆದಾನು?

ಹೋದ ಚಳಿಗಾಲಕ್ಕೆ ಮುಂಚೆ ತಂಗಿ ಮಂಗಳಾ ಫೋನ್ ಮಾಡಿದಳು. ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳ ಸಂಸಾರ. ಕೆಳಗಿನ ಮಹಡಿಯಲ್ಲಿ ಅಮ್ಮ, ಮೇಲೆ ಇವಳು ಮತ್ತು ಮಗಳು ಲೀನಾ. ಗಂಡ ವಾರವಿಡೀ ರೇಗನ್ಸ್‌ಬರ್ಗ್‌ನಲ್ಲಿ ಚಿಪ್ ಮಾಡುವ ಕಾರ್ಖಾನೆಯಲ್ಲಿ, ವಾರದ ಕೊನೆಗೆ ಮನೆಯಲ್ಲಿ.

"ಅಣ್ಣ, ಮನೆ ಕಾಯಿಸೋ ಹೈಟ್ಸುಂಗ್ ಪೂರ್ತಿ ಚೇಂಜ್ ಮಾಡಿಸ್ತಿದೀವಿ. ಅಮ್ಮಂಗೆ ಇಪ್ಪತ್ನಾಲ್ಕು ಡಿಗ್ರಿ ಬೇಕು, ನಮಗೆ ಹತ್ತೊಂಬತ್ತು ಸಾಕು. ಒಂದೇ ಲೈನ್ ಇರೋದ್ರಿಂದ ಅವಳಿಗೆ ಕಾಯಿಸಿದ್ರೆ ನಾವು ಬೆಂದು ಹೋಗ್ತೀವಿ. ಈಗ ಪೈಪೆಲ್ಲ ಬಿಚ್ಚಿ ಫ್ಲೋರಿಗೊಂದು ಸರ್ಕ್ಯೂಟ್ ಮಾಡ್ತಾರಂತೆ. ಅವರವರ ಚಳಿ ಅವರವರಿಗೆ."

"ಒಳ್ಳೇದಾಯ್ತಲ್ಲ."

"ಪ್ರಶ್ನೆ ಏನಪ್ಪಾ ಅಂದ್ರೆ ನಿನ್ನ ರೂಮು. ಅಟ್ಟಕ್ಕೆ ಮೂರನೇ ಲೈನ್ ಬೇಕೋ, ಇಲ್ಲ ಅಲ್ಲೇ ಮುಚ್ಚಿಬಿಡೋದೋ? ಅಮ್ಮ ಬೇಕೇ ಬೇಕು ಅಂತಾಳೆ. ನೀನು ಬರೋದು ವರ್ಷಕ್ಕೊಂದ್ಸಲ."

ಮುಚ್ಚಿಬಿಡು ಎಂದೆ. ಅದು ಯಾವತ್ತೋ ಮುಚ್ಚಿದ್ದು ತಾನೇ ಎಂದೂ ಸೇರಿಸಿದೆ.

"ಮುಚ್ಚಿದ್ದು? ಯಾರು ಮುಚ್ಚಿದ್ದು?"

ಅಷ್ಟು ವರ್ಷ ಎಲ್ಲರಿಗೂ ಹೇಳಿದ್ದ ಕತೆಯನ್ನು ಅದು ನಡೆದ ಮನೆಯವರಿಗೆ ಮಾತ್ರ ಹೇಳಿರಲಿಲ್ಲವೆಂದು ನನಗೆ ಆಗ ಗೊತ್ತಾಯಿತು. ಹಳೆಯ ಪೈಪುಗಳು ಯಾವ ಗೋಡೆಯಲ್ಲಿ ಹೋಗಿವೆ ಎಂದು ಕೆಲಸದವರಿಗೆ ತೋರಿಸಬೇಕಲ್ಲ, ನಾನೇ ಬರುತ್ತೇನೆ ಎಂದು ನೆಪ ಹೇಳಿ ಹೊರಟೆ. ನಿಜವಾಗಿ ಆ ಕವಾಟವನ್ನು ನೋಡಬೇಕಿತ್ತು.

ನಮ್ಮ ಮನೆಯಲ್ಲಿ ಹವಾಮಾನ ಕೋಣೆಗೊಂದಿತ್ತು. ಅಡುಗೆಮನೆ ಸದಾ ಬೇಸಿಗೆ. ಅಲ್ಲಿನ ಗೋಡೆಗೆ ಕೂರಿಸಿದ, ಒಳಗೆ ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರಿನ ಮೇಲೆ ಅಮ್ಮ ದೋಸೆಹಿಟ್ಟಿನ ಪಾತ್ರೆಗೆ ಟವೆಲ್ ಸುತ್ತಿ ಕೂರಿಸುತ್ತಿದ್ದಳು. ಪಕ್ಕದಲ್ಲಿ ಮೊಸರಿನ ಬಟ್ಟಲು. ಹಿಟ್ಟು ಉಬ್ಬಿತೇ, ಮೊಸರು ಹೆಪ್ಪಾಯಿತೇ ಎಂಬುದರ ಮೇಲೆ ಇಡೀ ಮನೆಯ ಶಾಖ ನಿರ್ಧಾರವಾಗುತ್ತಿತ್ತು. ನಡುಮನೆಯಲ್ಲಿ ಅಪ್ಪನ ಹವಾಮಾನ: ಸ್ವೆಟರ್ ಹಾಕಿಕೊಂಡರೆ ಸಾಕು ಎನ್ನುವಷ್ಟು. ಮಂಗಳಾಳ ಕೋಣೆಯಲ್ಲಿ ಅತ್ತ ಬಿಸಿಯೂ ಅಲ್ಲ, ಇತ್ತ ತಂಪೂ ಅಲ್ಲ. ಎಲ್ಲ ದಾಟಿ ಉಳಿದದ್ದು ಅಟ್ಟಕ್ಕೆ ಬರಬೇಕು, ಅಂದರೆ ನನಗೆ. ನೆಲಮಾಳಿಗೆಯ ಬಾಯ್ಲರಿನಿಂದ ಹೊರಟ ಬಿಸಿನೀರು ಒಂದೇ ಸಾಲಿನಲ್ಲಿ ರೇಡಿಯೇಟರಿನಿಂದ ರೇಡಿಯೇಟರಿಗೆ ಹರಿದು, ಎಲ್ಲರಿಗೂ ಕೈಮುಗಿದು, ಕೊನೆಗೆ ನನ್ನ ಹತ್ತಿರ ಬರುವಾಗ ಸುಸ್ತಾಗಿರುತ್ತಿತ್ತು. ಆದರೆ ಶಾಖ ಬರದಿದ್ದರೂ ಸದ್ದು ಬರುತ್ತಿತ್ತು. ಕಬ್ಬಿಣದ ಪೈಪುಗಳು ಮನೆಯನ್ನೆಲ್ಲ ಕಿವಿಗೆ ತಂದು ಮುಟ್ಟಿಸುತ್ತಿದ್ದವು. ಅಡುಗೆಮನೆಯಲ್ಲಿ ಅಮ್ಮ ಸೌಟು ಕುಟ್ಟಿದ್ದು, ಅಪ್ಪ ಕೆಮ್ಮಿದ್ದು, ಬೆಳಗ್ಗೆ ನೀರು ಕಾಯುವಾಗ ಪೈಪು ಹಿಗ್ಗಿ ಟಿಕ್ಕೆಂದದ್ದು, ಎಲ್ಲ ಹಾಸಿಗೆಯಲ್ಲೇ ಕೇಳಿಸುತ್ತಿತ್ತು. ಮನೆಯ ಮಾತುಗಳನ್ನು ಬಾಗಿಲಾಚೆ ನಿಂತು ಕೇಳುವ ಅಭ್ಯಾಸ ನನಗೆ ಬಂದದ್ದು ಹೀಗೆ. ನನ್ನ ಕಸುಬೂ ಹೆಚ್ಚು ಕಡಿಮೆ ಅದೇ ಆಯಿತು.

ಅಪ್ಪ ಕಾರಿನ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿದ್ದರು. ಕಾರಿನ ತಗಡಿಗೆ ತುಕ್ಕು ಹಿಡಿಯದಂತೆ ಕಾಯುವುದು ಅವರ ಇಡೀ ಜೀವನದ ಕೆಲಸ. ಮನೆಯಲ್ಲಿ ದೇವರ ಮುಂದೆ ಅವರು ಕೂತದ್ದನ್ನು ನಾನು ಕಂಡಿಲ್ಲ. ಕಂಡಿಲ್ಲ ಎಂಬುದು ನನ್ನ ನೆನಪು. ಆದರೆ ಒಂದು ಹಬ್ಬವನ್ನು ಮಾತ್ರ ಅವರು ಬಿಟ್ಟವರಲ್ಲ. ದೀಪಾವಳಿಯ ಎಣ್ಣೆಸ್ನಾನಕ್ಕೆ ಹಿಂದಿನ ಸಂಜೆ, ನೀರು ತುಂಬುವ ಹಬ್ಬ. ಊರಿನಲ್ಲಾದರೆ ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಜರ್ಮನಿಯ ಮನೆಯಲ್ಲಿ ಹಂಡೆ ಎಲ್ಲಿಂದ ಬರಬೇಕು? ಕೆಲ್ಲರಿನಲ್ಲಿ, ನೆಲಮಾಳಿಗೆಯನ್ನು ನಾವು ಕರೆಯುತ್ತಿದ್ದದ್ದೇ ಹಾಗೆ, ಒಂದು ಬಾಯ್ಲರ್ ಇತ್ತು. ಬಿಸಿನೀರು ಕೊಡುವುದು ಅದೇ. ಹಾಗಾದರೆ ಅದೇ ಹಂಡೆ. ಅಮ್ಮ ಅದರ ತಗಡಿನ ಹೊಟ್ಟೆಗೆ ಸುಣ್ಣದ ಪಟ್ಟೆಯನ್ನೂ ಒಡೆದ ಹೆಂಚಿನ ಪುಡಿ ಕಲಸಿ ಕೆಂಪು ಪಟ್ಟೆಯನ್ನೂ ಎಳೆಯುತ್ತಿದ್ದಳು. ಬೇಲಿಯ ಐವಿ ಬಳ್ಳಿ ಕಿತ್ತು ಸುತ್ತುತ್ತಿದ್ದಳು. ವರ್ಷಕ್ಕೊಮ್ಮೆ ಹೊಗೆಕೊಳವೆ ಪರೀಕ್ಷಿಸಲು ಬರುತ್ತಿದ್ದ ಕಪ್ಪು ಟೋಪಿಯ ಮನುಷ್ಯ ಆ ಪಟ್ಟೆಗಳನ್ನು ನೋಡಿ, ಇದು ಯಾವ ಬಗೆಯ ಇನ್ಸುಲೇಷನ್ ಎಂದು ಕೇಳಿದ್ದನಂತೆ. "ಇಂಡಿಯನ್" ಎಂದರಂತೆ ಅಪ್ಪ. ಪೂಜೆಯಾದ ಮೇಲೆ ಅಪ್ಪನ ಪಾಲಿನ ಕೆಲಸ ಶುರು. ಬಟ್ಟೆ ಒಗೆಯುವ ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿ ಬಾಯ್ಲರಿನ ಹಳೆಯ ನೀರು ಚೆಲ್ಲಿ ಹೊಸ ನೀರು ಬಿಡುವರು. ಅಷ್ಟು ಬಿಟ್ಟರೆ ಸಾಲದು, ಪೈಪುಗಳಲ್ಲಿ ಕೂತ ಗಾಳಿ ಹೊರಹೋಗಬೇಕು. ಅದಕ್ಕೆ ಒಬ್ಬರು ಮನೆಯ ತುದಿಯ ರೇಡಿಯೇಟರಿನ ಬಳಿ ಪುಟ್ಟ ಚೌಕದ ಕೀಲಿ ಹಿಡಿದು ನಿಂತು, ಮೂಲೆಯ ತಿರುಪು ಸಡಿಲಿಸಿ, ಗಾಳಿ ಬುಸ್ಸೆಂದು ಹೋಗಿ ನೀರು ಚಿಮ್ಮುವ ತನಕ ಕಾಯಬೇಕು. ಇದೆಲ್ಲ ಮುಗಿದ ಮೇಲೆ ಕುಂಬಳಕಾಯಿ ಹುಳಿ, ಅನ್ನ, ಕಜ್ಜಾಯ.

ನನ್ನ ಪ್ರಕಾರ ಜಗಳವಾದದ್ದು ಆ ಹುಳಿಯ ಮುಂದೆ. ತುಕ್ಕು ತಡೆಯುವ ಇಂಜಿನಿಯರು ಡಬ್ಬಕ್ಕೆ ಕುಂಕುಮ ಹಚ್ಚುತ್ತಾರಲ್ಲ ಎಂದು ನಾನು ಹೇಳಿದೆ, ಅಪ್ಪ ಚಮಚ ಕೆಳಗಿಟ್ಟು ಎದ್ದುಹೋದರು, ಕೆಲ್ಲರಿಗೆ ಇಳಿದರು, ಕವಾಟ ಮುಚ್ಚಿದರು.

ನಾನು ಹೋಗಿ ಇಳಿದಾಗ ಮನೆಯ ಗೋಡೆಗಳು ಅಲ್ಲಲ್ಲಿ ಬಾಯಿಬಿಟ್ಟುಕೊಂಡಿದ್ದವು. ಕೆಲ್ಲರಿನಲ್ಲಿ ಹೆರ್ ಲುಟ್ಸ್ ಎಂಬ ದಪ್ಪ ಮೀಸೆಯ ಕೆಲಸಗಾರ ಹಳೆಯ ಪೈಪುಗಳನ್ನು ಕತ್ತರಿಸಿ ರಾಶಿ ಹಾಕಿದ್ದ. ಬಾಯ್ಲರಿನ ಪಕ್ಕದ ಗೋಡೆಗೆ ಈಗ ಹೊಳೆಯುವ ಹೊಸ ಹಂಚಿಕೆಯ ಕೊಳವೆ. ಅದರಿಂದ ಹೊರಡಲು ಮೂರು ಬಾಯಿ. ಎರಡಕ್ಕೆ ಪುಟ್ಟ ಪಂಪು, ಕವಾಟ, ಬಿಳಿ ಪೈಪು ಎಲ್ಲ ಕೂತಿದ್ದವು: ಒಂದು ಅಮ್ಮನಿಗೆ, ಒಂದು ಮಂಗಳಾಳಿಗೆ. ಮೂರನೆಯದು ಖಾಲಿ. ಹೊಸ ಪೈಪು ಪ್ಲಾಸ್ಟಿಕ್ಕಿನದು, ನಡುವೆ ತೆಳು ಅಲ್ಯುಮಿನಿಯಂ ಪದರ, ಬೆಕ್ಕು ನಡೆದ ಹಾಗೆ ಸದ್ದಿಲ್ಲ ಎಂದು ಅವನು ಹೊಗಳಿಕೊಂಡ. ಅಟ್ಟದ ಪೈಪು ಎಲ್ಲಿತ್ತು ಎಂದು ನಾನು ತೋರಿಸುವ ಮೊದಲೇ ಅವನು ರಾಶಿಯಿಂದ ಅದನ್ನು ಎತ್ತಿ ಕೊಟ್ಟ. ಒಳಗೆ ನೋಡಿದೆ. ಬೆರಳು ತೂರುವಷ್ಟೂ ಜಾಗವಿರಲಿಲ್ಲ. ಕಾಡಿಗೆಯಂಥ ಕಪ್ಪು ಕೆಸರು, ಸುತ್ತ ಸುಣ್ಣದ ಗಟ್ಟಿ ಪದರ.

"ಇದಕ್ಕೆ ಆಗಾಗ ಹೊಸ ನೀರು ತುಂಬುತ್ತಿದ್ದಿರಾ?" ಅವನು ಕೇಳಿದ.

ಮಂಗಳಾಳ ತೋಳು ಹಿಡಿದು ಮೆಟ್ಟಿಲಿಳಿದು ಬಂದಿದ್ದ ಅಮ್ಮ ತನ್ನ ಜರ್ಮನ್‌ನಲ್ಲಿ ಹೆಮ್ಮೆಯಿಂದ ಹೇಳಿದಳು:

"ಪ್ರತಿ ವರ್ಷ. ಒಂದು ವರ್ಷವೂ ತಪ್ಪಿಸಿಲ್ಲ."

ಅವನು ಮೀಸೆ ಸವರಿಕೊಂಡ. ಹೊಸ ನೀರಿನ ಜೊತೆ ಗಾಳಿ ಬರುತ್ತದೆ, ಸುಣ್ಣ ಬರುತ್ತದೆ. ಗಾಳಿ ಕಬ್ಬಿಣವನ್ನು ತಿನ್ನುತ್ತದೆ, ಕೆಸರು ಹೋಗಿ ತುದಿಯಲ್ಲಿ ಕೂರುತ್ತದೆ. ಒತ್ತಡ ಇಳಿದಾಗ ಒಂದಿಷ್ಟು ತುಂಬುವುದು ಸರಿ, ಆದರೆ ಪ್ರತಿ ವರ್ಷ ಹಳೆಯದನ್ನು ಚೆಲ್ಲಿ ಹೊಸದನ್ನು ತುಂಬಿದರೆ ಹೀಗಾಗಬಹುದು ಎಂದ. ಆಗಬಹುದು ಎಂದನೇ ಹೊರತು ಆಗಿದೆ ಎನ್ನಲಿಲ್ಲ. ಮಂಗಳಾ ನಗು ತಡೆಯಲಾರದೆ ಗೋಡೆಗೆ ಒರಗಿದಳು.

"ಅಯ್ಯೋ ದೇವ್ರೇ! ಫ್ಯಾಕ್ಟರೀಲಿ ತುಕ್ಕು ಕಾಯ್ದು ಕಾಯ್ದು, ಮನೇಲಿ ಪೂಜೆ ಮಾಡಿ ತುಕ್ಕು ಬೆಳೆಸಿದಾರೆ ಅಪ್ಪ!"

"ಅವರಿಗೆ ಗೊತ್ತಿತ್ತು ಕಣೇ," ಅಮ್ಮ ಹೇಳಿದಳು. "ವರ್ಷಕ್ಕೊಂದ್ಸಲ ಕುಡಿದ್ರೆ ಕಬ್ಬಿಣಾನೂ ಸಾಯಲ್ಲ ಅಂತಿದ್ರು."

ಹಾಗಾದರೆ ನನ್ನ ಕೋಣೆಯನ್ನು ತಣ್ಣಗಾಗಿಸಿದ್ದು ಕೆಸರು. ಎಷ್ಟು ಸಲೀಸಾದ ಉತ್ತರ ಎಂದುಕೊಳ್ಳುವಷ್ಟರಲ್ಲಿ ಕವಾಟ ಸಿಕ್ಕಿತು. ಕೆಲ್ಲರಿನ ಚಾವಣಿಯ ಹತ್ತಿರ, ಮನೆಯೆಲ್ಲ ಸುತ್ತಿ ಬಂದ ಸಾಲು ಅಟ್ಟಕ್ಕೆ ಕವಲೊಡೆಯುವ ಜಾಗದಲ್ಲಿ, ಬಣ್ಣ ಮೆತ್ತಿಕೊಂಡ ಹಿತ್ತಾಳೆಯ ಚಕ್ರ. ಕವಾಟ ಇದ್ದದ್ದು ನಿಜ, ಅಷ್ಟಂತೂ ನಾನು ಕಲ್ಪಿಸಿಕೊಂಡದ್ದಲ್ಲ. ತೆರೆದಿದೆಯೋ ಮುಚ್ಚಿದೆಯೋ ಎಂದು ಕೇಳಿದೆ. ಹೆರ್ ಲುಟ್ಸ್ ಅದನ್ನು ಪೈಪಿನ ಸಮೇತ ಕತ್ತರಿಸಿ ತೆಗೆದು ಬೆಳಕಿಗೆ ಹಿಡಿದ. ಇಕ್ಕಳದಿಂದ ಅಲುಗಿಸಲು ನೋಡಿದ. ಜಗ್ಗಲಿಲ್ಲ.

"ಅರ್ಧ," ಎಂದ.

"ಅರ್ಧ ಎಂದರೆ?"

"ಅರ್ಧ ಮುಚ್ಚಿದೆ. ಅಥವಾ ಅರ್ಧ ತೆರೆದಿದೆ. ಯಾರೋ ಮುಚ್ಚಲು ಹೋಗಿ ಕೆಸರಿಗೆ ಸಿಕ್ಕಿ ನಿಂತಿರಬಹುದು. ತೆರೆಯಲು ಹೋಗಿಯೂ ನಿಂತಿರಬಹುದು. ನನಗೇನು ಗೊತ್ತು?"

ಮಧ್ಯಾಹ್ನದ ಊಟಕ್ಕೆ ಅಡುಗೆಮನೆಯಲ್ಲಿ ಸೇರಿದೆವು. ಕೆಲಸ ಮುಗಿಯುವ ತನಕ ಅಮ್ಮ ಕರೆಂಟಿನ ಹೀಟರ್ ಇಟ್ಟುಕೊಂಡಿದ್ದಳು, ಶಾಲೆಯಿಂದ ಬಂದ ಲೀನಾ ಬಾಗಿಲಲ್ಲೇ ನಿಂತು "ಓಮಾ, ಟ್ಸು ಹೈಸ್!" ಎಂದು ಜರ್ಮನ್‌ನಲ್ಲಿ ಅಜ್ಜಿಯನ್ನು ಕೂಗಿ, ಆ ಸೆಕೆಗೆ ಹೆದರಿ ತಟ್ಟೆ ಎತ್ತಿಕೊಂಡು ಮೇಲೆ ಓಡಿದಳು. ನಾನು ಮೊದಲ ಬಾರಿಗೆ ನನ್ನ ಕತೆಯನ್ನು ಅವರಿಬ್ಬರಿಗೆ ಹೇಳಿದೆ. ತರಗತಿಯಲ್ಲಿ ಹೇಳುವಷ್ಟು ತಣ್ಣಗೆ ಹೇಳಬೇಕೆಂದುಕೊಂಡಿದ್ದೆ, ಆಗಲಿಲ್ಲ.

"ಅಂಥ ಜಗಳ ಆಗಲೇ ಇಲ್ವಲ್ಲೋ," ಅಮ್ಮ ಹುಳಿ ಬಡಿಸುವುದನ್ನು ನಿಲ್ಲಿಸಿದಳು. "ಜಗಳ ಆಗಿದ್ದು ನಿನ್ನ ಬೂಟಿಗೆ. ನೀನು ಕೆಸರು ಬೂಟು ತಂದು ಮೊಸರಿನ ಪಕ್ಕ ರೇಡಿಯೇಟರ್ ಮೇಲೆ ಇಟ್ಟಿದ್ದೆ. ಬೈದದ್ದು ನಾನು, ಅವರಲ್ಲ. ಅವರು ನಗ್ತಾ ಕೂತಿದ್ರು."

"ಅಪ್ಪ ಎದ್ದು ಹೋಗಲಿಲ್ಲವೇ?"

"ಎದ್ದು ಹೋಗ್ದೆ ಏನ್ ಮಾಡ್ತಾರೆ, ನೀರು ತುಂಬ್ಬೇಕಿತ್ತಲ್ಲ."

ಮಂಗಳಾ ಬೆರಳು ನೆಕ್ಕುತ್ತ ಹೇಳಿದಳು:

"ನೀನು ಕೆಲ್ಲರಿನಲ್ಲಿ ಇದ್ದಿದ್ದು ಕರೆಕ್ಟು ಅಣ್ಣ. ರಬ್ಬರ್ ಪೈಪ್ ಹಿಡ್ಕೊಂಡು ಅಪ್ಪನ ಪಕ್ಕ ನಿಂತಿರ್ತಿದ್ದೆ. ಮೇಲೆ ಕೀಲಿ ಹಿಡ್ಕೊಂಡು ಚಳೀಲಿ ನಿಲ್ತಿದ್ದಿದ್ದು ನಾನು. ಪ್ರತಿ ವರ್ಷ! ನಂಗೆ ಅದೇ ಹೊಟ್ಟೆಕಿಚ್ಚು, ಅಪ್ಪ ನಿನ್ನ ಮಾತ್ರ ಕೆಳಗೆ ಕರ್ಕೊಂಡು ಹೋಗ್ತಾರೆ ಅಂತ. ಈಗ ನೀನು ಬಂದು ಅಪ್ಪ ನಿನ್ನ ಹೊರಗಿಟ್ರು ಅಂತೀಯ! ಇದೊಳ್ಳೇ ಆಯ್ತು."

ಒಂದೇ ಮನೆ, ಒಂದೇ ಸಂಜೆ, ಮೂವರ ಬಳಿ ಮೂರು ಸಂಜೆಗಳು. ಬೇರೆಯವರ ಕಾಗದಪತ್ರಗಳಲ್ಲಿ ಇಂಥದ್ದು ಸಿಕ್ಕಿದರೆ ನನಗೆ ಖುಷಿಯಾಗುತ್ತದೆ. ಇಲ್ಲಿ ಮಾತ್ರ ತಲೆ ಕೆಟ್ಟುಹೋಯಿತು. ಅಮ್ಮನಿಗೆ ವಯಸ್ಸಾಗಿದೆ, ಸತ್ತ ಗಂಡನ ಕೋಪವನ್ನೆಲ್ಲ ನಗುವಾಗಿ ಮಾಡಿಕೊಂಡಿದ್ದಾಳೆ ಎನ್ನೋಣವೇ? ತಂಗಿ ಆಗ ತೀರ ಚಿಕ್ಕವಳು ಎನ್ನೋಣವೇ? ಆದರೆ ಅವಳ ಮಾತಿನಲ್ಲಿ ನನಗೆ ಅನುಕೂಲವಾದ ಒಂದು ಸಂಗತಿಯಿತ್ತು: ಅವಳೇ ನನ್ನನ್ನು ಕೆಲ್ಲರಿನಲ್ಲಿ ನಿಲ್ಲಿಸಿದ್ದಳು. ಅಲ್ಲಿ ನಿಂತಿದ್ದವನು ಆ ಕೈಯನ್ನು ನೋಡಿರಲೇಬೇಕು. ಬೂಟಿನ ಜಗಳವೇ ಆಗಿರಲಿ, ಡಬ್ಬದ ಜಗಳವೇ ಆಗಿರಲಿ, ಕವಾಟ ತಿರುಗಿದ್ದು ತಿರುಗಿದ್ದೇ. ಅರ್ಧವಾದರೂ.

ಊಟದ ನಂತರ ಹೆರ್ ಲುಟ್ಸ್ ಕೊನೆಯ ಸಲ ಕೇಳಿದ: ಮೂರನೆಯ ಬಾಯಿಗೆ ಬಿರಡೆ ಹಾಕಲೇ, ಪೈಪು ಜೋಡಿಸಲೇ? ಆಮೇಲೆ ಬೇಕೆಂದರೆ ಇದೇ ಗೋಡೆ ಮತ್ತೆ ಒಡೆಯಬೇಕಾಗುತ್ತದೆ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಬಾ ಎಂದು ಅವಳು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ.

"ಜೋಡಿಸಿ," ಎಂದೆ.

ಮನಸ್ಸು ಕರಗಿ ಹಾಗೆಂದೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಕೋಣೆ ಬೆಚ್ಚಗಾಗಲು ಸಾಧ್ಯವೇ ಎಂದು ನೋಡಬೇಕಿತ್ತು, ಅಷ್ಟೇ. ಪ್ರಯೋಗ.

ಕೆಲಸ ಒಂದೆರಡು ದಿನ ಎಳೆದು, ಹೊಸ ಸಾಲುಗಳಿಗೆ ನೀರು ಬಿಡುವ ದಿನ ಹಬ್ಬದ ಸಂಜೆಗೇ ಬಂದು ಕೂತಿತು. ಅಮ್ಮನಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಬಾಯ್ಲರಿನ ಹೊಟ್ಟೆಗೆ ಪಟ್ಟೆ ಎಳೆದು, ಐವಿ ಸುತ್ತಿ, ಕುಂಕುಮವಿಟ್ಟಳು. ಹೆರ್ ಲುಟ್ಸ್ ಸುಣ್ಣ ಸೋಸುವ ಉದ್ದನೆಯ ಡಬ್ಬಿಯೊಂದರ ಮೂಲಕ ನೀರು ಬಿಡಲು ತಯಾರಾದ. ಇನ್ನು ಮುಂದೆ ದಯವಿಟ್ಟು ನಲ್ಲಿಯ ನೀರು ಬೇಡ ಎಂದು ಚಿಕ್ಕ ಮಕ್ಕಳಿಗೆ ತಿಳಿಹೇಳುವ ಹಾಗೆ ಅಮ್ಮನಿಗೆ ಹೇಳಿದ.

"ಹಬ್ಬಕ್ಕೂ ಬೇಡ್ವಂತಾ?" ಅಮ್ಮ ನನ್ನನ್ನು ಕೇಳಿದಳು. ಬೇಡವಂತೆ ಎಂದೆ. ಅವಳು ಸ್ವಲ್ಪ ಯೋಚಿಸಿ, ತಾಮ್ರದ ಚೊಂಬಿನಲ್ಲಿ ನೀರು ತರಿಸಿ ಬಾಯ್ಲರಿನ ಪಕ್ಕ ನೆಲದ ಮೇಲಿಟ್ಟಳು. "ಸರಿ, ಹಂಡೆ ಇದನ್ನ ನೋಡ್ಕೊಂಡಿರ್ಲಿ."

ಮೇಲೆ ಗಾಳಿ ಬಿಡಲು ಒಬ್ಬರು ಬೇಕು ಎಂದ ಹೆರ್ ಲುಟ್ಸ್. ನಾನು ಹೋಗ್ತೀನಿ, ನನಗೆ ಅಭ್ಯಾಸ ಇದೆ ಎಂದು ಹೊರಟ ಮಂಗಳಾ ಮೊದಲ ಮೆಟ್ಟಿಲಲ್ಲೇ ಮೊಣಕಾಲು ಹಿಡಿದುಕೊಂಡಳು. ಅವಳ ಕೈಯಿಂದ ಚೌಕದ ಕೀಲಿ ಇಸಿದುಕೊಂಡು ನಾನೇ ಹತ್ತಿದೆ. ಅಟ್ಟದ ಕೋಣೆ ಕಿರಿದಾಗಿತ್ತು. ಮಂಚಕ್ಕೆ ಹೊಸ ಹಾಸಿಗೆ ಹಾಸಿದ್ದರು. ರೇಡಿಯೇಟರಿನ ಮುಂದೆ ಮಂಡಿಯೂರಿ, ತಿರುಪಿಗೆ ಕೀಲಿ ತೂರಿಸಿ, ಚೂರೇ ಸಡಿಲಿಸಿದೆ. ಕೆಳಗೆ ಎಲ್ಲೋ ನೀರು ಹೊರಟಿರಬೇಕು, ಏನೂ ಕೇಳಿಸಲಿಲ್ಲ. ಬುಸ್ಸೆಂದು ಗಾಳಿ ಬರತೊಡಗಿತು. ಕಬ್ಬಿಣ, ಧೂಳು, ಒದ್ದೆ ಕಲ್ಲು ಸೇರಿದ ವಾಸನೆ. ಬುಸುಗುಟ್ಟುವುದು ತೊದಲಿತು, ಉಗುಳಿತು, ಆಮೇಲೆ ತೆಳ್ಳನೆಯ ನೀರಿನ ಎಳೆಯೊಂದು ನನ್ನ ಅಂಗೈಗೆ ಬಿತ್ತು. ತಿರುಪು ಬಿಗಿದೆ. ಬಿಗಿದ ಕೈ ಸುಮ್ಮನಾಗಲಿಲ್ಲ. ಕೀಲಿಯನ್ನು ಮಗುಚಿ ಹಿಡಿದು, ಅದರ ಹಿಂಭಾಗದಿಂದ ರೇಡಿಯೇಟರಿನ ಪಕ್ಕದ ಪೈಪಿಗೆ ಬಡಿಯಿತು: ಎರಡು ಸಲ, ತುಸು ಬಿಟ್ಟು ಇನ್ನೊಂದು ಸಲ. ಹೊಸ ಪೈಪು ಗೋಣಿಚೀಲಕ್ಕೆ ಹೊಡೆದ ಹಾಗೆ ಮಂಕಾಗಿ ಸದ್ದು ಮಾಡಿ ಸುಮ್ಮನಾಯಿತು. ಹಾಗೇಕೆ ಬಡಿದೆ ಎಂದು ನನಗೆ ಗೊತ್ತಾಗಲಿಲ್ಲ.

ಮೆಟ್ಟಿಲ ಮೇಲೆ ಕುಂಟುವ ಹೆಜ್ಜೆ. ಮಂಗಳಾ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಳು.

"ನೀರು ಬಂತೇನೋ? ಅಮ್ಮ ಅಲ್ಲಿ ಪೈಪಿಗೆ ಕಿವಿ ಹಚ್ಕೊಂಡು ಕೂತಿದಾಳೆ. ಲುಟ್ಸ್‌ಗೆ ನಲ್ಲಿ ಮುಚ್ಚೋಕೆ ಬಿಡ್ತಾ ಇಲ್ಲ. ನಿಮ್ಮಣ್ಣ ಬಡಿದನಾ ಕೇಳ್ಕೊಂಡು ಬಾ ಅಂತ ಓಡಿಸಿದ್ಲು. ಏನ್ ಬಡಿಯೋದು? ನಂಗೆ ಒಂದೂ ಅರ್ಥ ಆಗ್ತಿಲ್ಲ."

ನಾನು ಅವಳ ಮುಖ ನೋಡಿದೆ. ಪ್ರತಿ ವರ್ಷ ಕೀಲಿ ಹಿಡಿದು ಇಲ್ಲಿ ನಿಂತಿದ್ದವಳು ಅವಳು. ಅವಳಿಗೆ ಈ ಬಡಿತ ಗೊತ್ತಿಲ್ಲ. ಅಮ್ಮನಿಗೆ ಗೊತ್ತಿದೆ, ನನ್ನ ಕೈಗೆ ಗೊತ್ತಿದೆ. ನೀರು ತುಂಬುವ ಹೊತ್ತಿನಲ್ಲಿ ನಾನು ಈ ಕೋಣೆಯಲ್ಲಿ ಮಂಡಿಯೂರಿದ್ದೆನಾದರೆ ಕೆಲ್ಲರಿನ ಮೆಟ್ಟಿಲ ಮೇಲೆ ನಿಂತು ಅಪ್ಪನ ಕೈಯನ್ನು ನೋಡಿದವರು ಯಾರು? ಆ ಹಳದಿ ಬೆಳಕು ಎಲ್ಲಿಯದು? ಆಗ ಕೆಳಗೆ ಅಪ್ಪ ನಲ್ಲಿಯ ಮೇಲೆ ಕೈಯಿಟ್ಟು, ಪಕ್ಕದಲ್ಲಿ ಅಮ್ಮ ಪೈಪಿಗೆ ಕಿವಿಯಿಟ್ಟು, ಇಬ್ಬರೂ ನೀರು ಬಂತೆಂಬ ನನ್ನ ಸದ್ದಿಗೆ ಕಾಯುತ್ತಿದ್ದರೇ? ಅಥವಾ ಇದೂ ಈಗಷ್ಟೇ, ಒದ್ದೆ ಅಂಗೈಯಲ್ಲಿ, ನಾನು ಕಟ್ಟಿಕೊಳ್ಳುತ್ತಿರುವ ಇನ್ನೊಂದು ಚಿತ್ರವೇ? ಕೈಯ ಸಾಕ್ಷಿಯನ್ನು ನಂಬಬೇಕೆಂದು ಎಲ್ಲಿಯೂ ಬರೆದಿಲ್ಲ.

"ಅಣ್ಣ, ಏನ್ ಹೇಳ್ಲಿ? ಕಾಯ್ತಿದಾಳೆ."

"ಬಡಿದೆ ಅಂತ ಹೇಳು," ಎಂದೆ. "ಎರಡು. ಆಮೇಲೆ ಒಂದು."